ನಲವತ್ಮೂರನೆಯ ಪುಟ

1999ರ ದೀಪಾವಳಿ ಮುಗಿದು ಮೂರನೆಯ ದಿನ ಗದಗಿನಿಂದ ಒಂದು ಟೆಂಪೊ ಬಂದು ನಮ್ಮ ಮನೆಯ ಕಟ್ಟೆಗೆ ತಾಗಿ ನಿಂತಿತು. ಕಂದು ಕಾಗದ ಸುತ್ತಿ ಸುತಳಿ ಬಿಗಿದ ಇಪ್ಪತ್ತು ಕಟ್ಟು, ಕಟ್ಟಿಗೆ ಐವತ್ತು ಪುಸ್ತಕ. ಅತ್ತೆಯವರು ಮೊದಲ ಪ್ರತಿಗೆ ಅರಿಷಿಣ ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲೆ ಇಟ್ಟರು. ಉಳಿದವನ್ನು ಒಳಕೋಣೆಯ ಮಂಚದ ಕೆಳಗೆ ಸಾಲಾಗಿ ಜೋಡಿಸಿದೆವು. ಮಗ್ಗುಲಲ್ಲೇ ಬ್ಯಾಡಗಿ ಮೆಣಸಿನಕಾಯಿಯ ಎರಡು ಚೀಲ ಇದ್ದವು. ಇನ್ನೆರಡು ವಾರದಲ್ಲಿ ಪುಸ್ತಕ ಹೋಗಿಬಿಡುತ್ತವೆ, ಅಲ್ಲಿತನಕ ಇಲ್ಲೇ ಇರಲಿ ಅಂದುಕೊಂಡಿದ್ದೆ.

ನಾನಾಗ ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಹನ್ನೆರಡು ವರ್ಷ ಬರೆದ ಕಥೆಗಳಲ್ಲಿ ಒಂಬತ್ತನ್ನು ಆರಿಸಿ, ಜಿಪಿಎಫ್‌ನಿಂದ ಮುಂಗಡ ತೆಗೆದು ನಾನೇ ಅಚ್ಚು ಹಾಕಿಸಿದ್ದೆ. ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲೇ ಪುಸ್ತಕ ಆಗಬೇಕೆಂಬ ಹಂಬಲ ಬೇರೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹಿಡಿದು ಪ್ರೂಫ್ ತಿದ್ದಲು ನಾಲ್ಕು ಸಲ ಹೋಗಿ ಬಂದೆ. ಎಂಟು ಫಾರಂ, 128 ಪುಟ, 1,000 ಪ್ರತಿ. ಖರ್ಚು 19,000 ರೂಪಾಯಿ, ಬೆಲೆ 50. ಒಬ್ಬ ಹಿರಿಯ ವಿದ್ವಾಂಸರಿಂದ ಆರು ಪುಟದ ಮುನ್ನುಡಿ ಬರೆಸಿದ್ದೆ. ಮುಖಪುಟಕ್ಕೆ ಒಂದು ನವ್ಯ ಚಿತ್ರ. ಆ ಚಿತ್ರ ಏನು ಹೇಳುತ್ತದೆಂದು ನಾನು ಕಲಾವಿದರನ್ನು ಕೇಳಲಿಲ್ಲ. ಕೇಳಿದರೆ ತಿಳಿಯದವಳು ಅಂದುಕೊಂಡಾರು ಎಂಬ ಅಳುಕು.

ಬಿಡುಗಡೆ ಚೆನ್ನಾಗಿಯೇ ಆಯಿತು. ಬಂದವರಿಗೆ, ಭಾಷಣ ಮಾಡಿದವರಿಗೆ, ವಿಮರ್ಶೆ ಬರೆಯಬಹುದಾದವರಿಗೆ, ನೆಂಟರಿಗೆ, ಸಹೋದ್ಯೋಗಿಗಳಿಗೆ ಎಂದು 200 ಪ್ರತಿ ಹಂಚಿದೆ. ಐವತ್ತು ಜನ ದುಡ್ಡು ಕೊಟ್ಟು ಕೊಂಡರು. ದೊಡ್ಡ ಊರಿನ ಒಂದು ಪುಸ್ತಕದಂಗಡಿಯವರು ನೂರಕ್ಕೆ ನಲವತ್ತು ಕಮಿಷನ್ನಿನ ಮೇಲೆ, ಮಾರಿದ ಮೇಲೆ ಹಣ ಎಂಬ ಕರಾರಿನಲ್ಲಿ ಐವತ್ತು ಪ್ರತಿ ಇಟ್ಟುಕೊಂಡರು. ಮೂರು ಸಲ ಪತ್ರ ಬರೆದೆ. ಪುಸ್ತಕವೂ ಮರಳಲಿಲ್ಲ, ಹಣವೂ ಬರಲಿಲ್ಲ. ಹಂಚಿದ 200 ಪ್ರತಿಗಳಿಗೆ ಬಂದದ್ದು ಎರಡೇ ಪತ್ರ. ಒಂದರಲ್ಲಿ ಪುಸ್ತಕ ತಲುಪಿತು ಎಂದಷ್ಟೇ ಇತ್ತು.

ಎರಡು ವರ್ಷ ಆಗುತ್ತ ಬಂದರೂ ಮಂಚದ ಕೆಳಗೆ ಹದಿನಾಲ್ಕು ಕಟ್ಟು ಹಾಗೇ ಕೂತಿದ್ದವು. ಮಳೆಗಾಲದಲ್ಲಿ ಒಂದಕ್ಕೆ ಗೆದ್ದಲು ಹತ್ತಿತು. ಸುತಳಿ ಬಿಚ್ಚಿದರೆ ಐವತ್ತು ಪುಸ್ತಕದ ನಡುವೆ ಮಣ್ಣಿನ ಸುರಂಗ. ಆ ಕಟ್ಟನ್ನು ಹಿತ್ತಲಿಗೆ ಒಯ್ದು ಸುಡುವಾಗ ಅತ್ತೆಯವರು ಅತ್ತರು, ನನಗೆ ಅಳುವೂ ಬರಲಿಲ್ಲ.

ಅದೇ ದಿನಗಳಲ್ಲಿ ತವರಿಗೆ ಹೋದಾಗ ಅಜ್ಜನ ಪೆಟ್ಟಿಗೆ ತೆಗೆದೆ. ಅದರಲ್ಲಿ ಗಳಗನಾಥರ ‘ಕನ್ನಡಿಗರ ಕರ್ಮಕಥೆ’ ಇತ್ತು. ರಟ್ಟು ಹೋಗಿ ಅಜ್ಜಿಯ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ ಹೊದಿಕೆ. ಅಂಚಿನಲ್ಲಿ ಬೆರಳಿಟ್ಟು ತಿರುವಿ ತಿರುವಿ ಪುಟದ ಮೂಲೆಗಳೆಲ್ಲ ದುಂಡಗಾಗಿದ್ದವು. ಗಳಗನಾಥರು ನಮ್ಮ ಸೀಮೆಯವರೇ. ವರದೆ ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥ ಎಂಬ ಊರಿನ ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು, ನನ್ನ ಹಾಗೆ ಶಾಲೆಯ ಮಾಸ್ತರಿಕೆ ಮಾಡಿದವರು. ವಿಜಯನಗರದ ಹುಟ್ಟಿನ ಮೇಲೊಂದು, ಅಳಿವಿನ ಮೇಲೊಂದು ಕಾದಂಬರಿ ಬರೆದರು. ಧಾರವಾಡದ ಕಡೆ ಓದುಬರಹದಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಾಲ ಅದು, ಕನ್ನಡದಲ್ಲಿ ಕಾದಂಬರಿ ಓದುವವರೇ ಇನ್ನೂ ತಯಾರಾಗಬೇಕಿತ್ತು. ಅವರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಶಾಲೆಯಲ್ಲಿ ಎಷ್ಟು ಸಲ ಪಾಠ ಹೇಳಿದ್ದೆನೊ! ‘ಕಾದಂಬರಿ ಪಿತಾಮಹ’ ಎಂದು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದೆ. ಗಂಟು ಎಷ್ಟು ಭಾರ ಇದ್ದೀತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

2001ರ ದಸರಾ ರಜೆಗೆ ಮೊದಲು ಒಂದು ಶನಿವಾರ ಜೋಳಿಗೆಯಲ್ಲಿ ಹತ್ತು ಪುಸ್ತಕ ಹಾಕಿಕೊಂಡು ಶಾಲೆಯಿಂದ ನೇರ ಮನೆಗೆ ಬಾರದೆ ಓಣಿಯೊಳಗೆ ಹೊಕ್ಕೆ. ಹತ್ತು ಪುಸ್ತಕ ಹೆಗಲಿಗೆ ಎಷ್ಟು ಜಗ್ಗುತ್ತವೆಂದು ಆವತ್ತು ತಿಳಿಯಿತು. ಮೊದಲ ಮನೆಯಲ್ಲಿ ಚಹಾ ಕುಡಿದು, ಮಕ್ಕಳ ಅಭ್ಯಾಸದ ಮಾತಾಡಿ, ಜೋಳಿಗೆ ಬಿಚ್ಚದೆ ಎದ್ದು ಬಂದೆ. ಎರಡನೆಯ ಮನೆಯಲ್ಲಿ ಬಿಚ್ಚಿದೆ, ಬೆಲೆ ಹೇಳಲು ಬಾಯಿ ಬರಲಿಲ್ಲ. ಮೂರನೆಯದು ಕಿರಾಣಿ ಅಂಗಡಿ. ಅಲ್ಲಿ ಹೈಬ್ರಿಡ್ ಹತ್ತಿಬೀಜ ಬೆಳೆಯುವ ಸೀಡ್ಸ್ ಪ್ಲಾಟಿನ ಕೆಲಸಕ್ಕೆ ಹೊರಟಿದ್ದ ಹೆಂಗಸರು ಎಲೆ ಅಡಿಕೆ ಕೊಳ್ಳುತ್ತ ನಿಂತಿದ್ದರು. ಅವರಲ್ಲಿ ಒಬ್ಬಾಕೆ ನನ್ನ ಕೈಯಲ್ಲಿದ್ದದ್ದನ್ನು ನೋಡಿ ಕೇಳಿದಳು.

“ಅಕ್ಕೋರ, ಇದು ಸಾಲಿ ಪುಸ್ತಕ ಏನ್ರಿ?”

“ಅಲ್ಲವ್ವ, ಕತಿ ಪುಸ್ತಕ. ನಾನ ಬರದದ್ದು.”

“ಯಾರ ಕತಿ?”

ಈ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಬಿಡುಗಡೆಯ ದಿನ ಮಾತಾಡಿದವರೆಲ್ಲ ನನ್ನ ಶೈಲಿ, ನನ್ನ ತಂತ್ರ, ನನ್ನ ಸಂವೇದನೆ ಎಂದಿದ್ದರು. ನಾನು ತಡವರಿಸಿ, ಒಂದು ಕತೆ ಹತ್ತಿಯ ಮೊಗ್ಗು ಬಿಡಿಸಿ ಕೈಯಿಂದ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಂಗಸಿನದು ಎಂದೆ. ಅವಳ ಮುಖ ಬಿಚ್ಚಿಕೊಂಡಿತು. ಬೆಲೆ ಕೇಳಿದಳು. ಐವತ್ತು ಅಂದರೆ ಆಗಿನ ಅವಳ ಎರಡು ದಿನದ ಕೂಲಿ. ಹಾಗೇ ತಗೊ ಎಂದು ಕೈಗಿಡಲು ಹೋದೆ.

“ಹಂಗ ಬ್ಯಾಡ್ರಿ. ಪುಕ್ಕಟ ತಗೊಂಡ್ರ ಮಗಳು ಓದಂಗಿಲ್ಲ, ನಾ ಕೇಳಂಗಿಲ್ಲ. ನನಗ ಓದಾಕ ಬರಂಗಿಲ್ರಿ. ಆಕಿ ಒಂಬತ್ತನೇತ್ತ ಅದಾಳ, ಓದಿ ಹೇಳತಾಳ.” ಸೆರಗಿನ ತುದಿಯ ಗಂಟು ಬಿಚ್ಚಿ ಮೂವತ್ತು ಕೊಟ್ಟಳು, ಇಪ್ಪತ್ತು ಮುಂದಿನ ವಾರ ಎಂದಳು.

ಮುಂದಿನ ಶನಿವಾರ ಸಂಜೆ ಮಗಳನ್ನು ಕರಕೊಂಡು, ಪುಸ್ತಕ ಹಿಡಿದು ಮನೆಗೆ ಬಂದಳು. ಮೊದಲು ಇಪ್ಪತ್ತು ರೂಪಾಯಿ ಎಣಿಸಿ ಕಟ್ಟೆಯ ಮೇಲಿಟ್ಟಳು. ಆಮೇಲೆ ಕೂತಳು.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಕತಿಯೊಳಗ ಒಂದು ತಪ್ಪೈತಿ.”

ಮಗಳು ನಲವತ್ಮೂರನೆಯ ಪುಟ ತೆಗೆದು ಹಿಡಿದಳು. ನನ್ನ ಕತೆಯ ಗಂಗವ್ವ ಉರಿಬಿಸಿಲಿನ ನಡುಮಧ್ಯಾಹ್ನ ಹತ್ತಿಯ ಮೊಗ್ಗು ಬಿಡಿಸಿ, ಆಗಲೇ ಅದಕ್ಕೆ ಗಂಡುಹೂವಿನ ಪುಡಿ ಸವರುತ್ತಾಳೆ. ಆ ಬಿಸಿಲಿನ ವರ್ಣನೆಯನ್ನು ಮುನ್ನುಡಿ ಬರೆದವರು ಮೆಚ್ಚಿದ್ದರು, ನಾನೂ ಮೆಚ್ಚಿಕೊಂಡಿದ್ದೆ.

“ಮಟಮಟ ಮಧ್ಯಾನ್ಹದಾಗ ಎಲ್ಲಿ ಕ್ರಾಸ್ ಮಾಡತಾರ್ರಿ? ಇಳಿಹೊತ್ತಿಗೆ ಮೊಗ್ಗಿ ಬಿಡಸತೀವಿ. ಮರುದಿನ ಮುಂಜಾನಿ ಹೋಗಿ ಪುಡಿ ಹಚ್ಚತೀವಿ. ಮುಂಜಾನಿ ಹೋಗಲಿಲ್ಲಂದ್ರ ಸಂಜಿಕೆ ಬಿಡಿಸಿದ್ದಷ್ಟೂ ಹಾಳು.” ಸ್ವಲ್ಪ ತಡೆದು ಹೇಳಿದಳು: “ಆಕಿ ಕೂಸಿಗೆ ಜ್ವರ ಬಂದಿದ್ರೂ ಮುಂಜಾನಿ ಹೊಲಕ್ಕ ಹೋದ್ಲು ಅಂತ ಬರದೀರಿ. ಯಾಕ ಹೋದ್ಲು ಅನ್ನೂದು ಬರದಿಲ್ಲ. ಕಲ್ಲೆದಿ ಹೆಂಗಸು ಅಂದಂಗ ಆತ್ರಿ ಅದು.”

ಆ ಕತೆಯ ಕೊನೆಯನ್ನು ನಾನು ಮೂರು ಸಲ ಬದಲಿಸಿದ್ದೆ. ಜ್ವರದ ಕೂಸನ್ನು ಬಿಟ್ಟು ಗಂಗವ್ವ ಹೊಲಕ್ಕೆ ಹೋಗುವುದರಲ್ಲಿ ಒಂದು ನಿಗೂಢ ಇದೆ, ಅದು ಹಾಗೇ ಇರಲಿ ಎಂದು ಬಿಟ್ಟಿದ್ದೆ. ನಿಗೂಢ ಏನೂ ಇರಲಿಲ್ಲ. ಅವಳು ಯಾಕೆ ಹೋದಳೆಂದು ನನಗೇ ತಿಳಿದಿರಲಿಲ್ಲ, ಅಷ್ಟೆ.

ಭಾನುವಾರ ಇಳಿಹೊತ್ತಿಗೆ ಅವಳ ಜೊತೆ ಪ್ಲಾಟಿಗೆ ಹೋದೆ. ಹೆಂಗಸರೆಲ್ಲ ಹೆಬ್ಬೆರಳ ಉಗುರು ಉದ್ದ ಬಿಟ್ಟಿದ್ದರು. ನಾಳೆ ಅರಳುವ ಮೊಗ್ಗನ್ನೇ ಆರಿಸಬೇಕು. ಎಸಳಿನ ತುದಿ ಕೆನೆಬಣ್ಣಕ್ಕೆ ತಿರುಗಿ, ಸುರುಳಿ ಸುತ್ತಿ ಹೊರಗೆ ಇಣುಕಿರುತ್ತದೆ. ಅದರ ಬುಡಕ್ಕೆ ಉಗುರು ಊರಿ ಸುತ್ತಲೂ ಒಂದು ಗೀರು ಎಳೆದು ಮೆಲ್ಲಗೆ ತಿರುವಿದರೆ ಎಸಳೂ ಕೇಸರವೂ ಟೊಪ್ಪಿಗೆಯ ಹಾಗೆ ಒಟ್ಟಿಗೆ ಕಳಚಿ ಬರುತ್ತವೆ. ಒಳಗೆ ಎಳೆಯ ಕಾಯಿ, ಅದರ ಮೇಲೆ ಬೆತ್ತಲೆ ನಿಂತ ಒಂದು ಸಣ್ಣ ಕಡ್ಡಿ. ಗುರುತಿಗೆ ಬಣ್ಣದ ಕಾಗದ ತೊಡಿಸಿ ಮುಂದಿನ ಗಿಡಕ್ಕೆ. ಉಗುರು ಒಂದಿಷ್ಟು ಆಳ ಹೋದರೆ ಕಾಯಿಗೆ ಗಾಯ. ನಾನು ಪ್ರಯತ್ನಿಸಿದ ನಾಲ್ಕರಲ್ಲಿ ಮೂರು ಹಾಳಾದವು, ಹೊಲದ ಯಜಮಾನ ನೋಡುವ ಮೊದಲೇ ಅವಳು ಅವನ್ನು ಮಣ್ಣಿಗೆ ತುಳಿದಳು. ಮರುದಿನ ಬೆಳಿಗ್ಗೆ ಶಾಲೆಗೆ ಮೊದಲು ಮತ್ತೆ ಹೋಗಿ ಪುಡಿ ಹಚ್ಚುವುದನ್ನು ನೋಡಿದೆ. ಒಂದು ಗಂಡುಹೂವಿನಿಂದ ನಾಲ್ಕೈದು ಮೊಗ್ಗು ಆಗುತ್ತವೆ. ನೂರಾರು ಬಣ್ಣದ ಕಾಗದಗಳು ಗಾಳಿಗೆ ಅಲುಗುತ್ತ ಕಾಯುತ್ತಿದ್ದವು. ಹಿಂದಿನ ಸಂಜೆ ಇವನ್ನೆಲ್ಲ ಬಿಡಿಸಿಟ್ಟ ಕೈ, ಮನೆಯಲ್ಲಿ ಕೂಸಿಗೆ ಜ್ವರ ಬಂದರೂ, ಬೆಳಿಗ್ಗೆ ಬಾರದೆ ಇರಲಾರದು. ಇದು ನನ್ನ ಮನೆಯಿಂದ ಒಂದೂವರೆ ಕಿಲೋಮೀಟರಿನಾಚೆ ಪ್ರತಿ ವರ್ಷ ನಡೆಯುತ್ತಿತ್ತು. ನಾನು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರೆದಿದ್ದೆ.

ಮಂಚದ ಕೆಳಗಿನ ಕಟ್ಟುಗಳನ್ನು ಎಳೆದು ಪಡಸಾಲೆಯಲ್ಲಿ ಬಿಚ್ಚಿದೆ. ಒಂದೊಂದು ಪ್ರತಿಯಲ್ಲೂ ನಲವತ್ಮೂರನೆಯ ಪುಟ ತೆಗೆದು ‘ನಡುಮಧ್ಯಾಹ್ನ’ ಹೊಡೆದು ‘ಇಳಿಹೊತ್ತು’, ‘ಆಗಲೇ’ ಹೊಡೆದು ‘ಮರುದಿನ ಮುಂಜಾನೆ’ ಎಂದು ಬರೆಯಬೇಕು. ಪುಟದ ಕೆಳಗಿನ ಖಾಲಿ ಜಾಗದಲ್ಲಿ ಒಂದು ಸಾಲು ಸೇರಬೇಕು: ಮುಂಜಾನೆ ಹೋಗದಿದ್ದರೆ ಸಂಜೆ ಬಿಡಿಸಿದ್ದಷ್ಟೂ ಹಾಳು. ಆರುನೂರಕ್ಕೂ ಮೇಲಿನ ಪ್ರತಿ. ಅವಳ ಮಗಳು ದಸರಾ ರಜೆಯಲ್ಲಿ ನಾಲ್ಕು ದಿನ ಬಂದು ನನ್ನ ಜೊತೆ ಕೂತಳು. ನೀಲಿ ಶಾಯಿಯ ಪೆನ್ನು, ದುಂಡಗಿನ ಅಕ್ಷರ, ತಲೆಕಟ್ಟುಗಳೆಲ್ಲ ಕೊಡೆಯ ಹಾಗೆ ಅಗಲ. ಮಧ್ಯಾಹ್ನ ಅತ್ತೆಯವರು ಇಬ್ಬರಿಗೂ ರೊಟ್ಟಿ ಬಡಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಪ್ರತಿಗಳನ್ನು ಅವಳೇ ತಿದ್ದಿದಳು.

ಆಮೇಲೆ ಬೆಲೆ ಹೇಳಲು ನನಗೆ ನಾಚಿಕೆ ಆಗಲಿಲ್ಲ. ತಿದ್ದಿದ ಪುಟವನ್ನೇ ಮೊದಲು ತೆಗೆದು ತೋರಿಸಿ, ಇದು ಹೀಗೆ ಯಾಕೆ ಎಂದು ಹೇಳುತ್ತಿದ್ದೆ. ಶನಿವಾರದ ಜೋಳಿಗೆ, ಜಾತ್ರೆಯ ಮೂಲೆ, ಶಿಕ್ಷಕರ ತರಬೇತಿಯ ಊಟದ ಬಿಡುವು, ಮದುವೆ ಮನೆಯ ಹಿಂದಿನ ಕಟ್ಟೆ, ಎಲ್ಲಿಯಾದರೂ ಸರಿ. ಓದಲು ಬಾರದವರಿಗೆ ಒಂದು ಕತೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಗಟ್ಟಿಯಾಗಿ ಓದುವಾಗ ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು. ಬೆಂಗಳೂರಿಗೆ ಮದುವೆಯಾಗಿ ಹೋದ ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಪೋಸ್ಟ್ ಕಾರ್ಡ್ ಬರೆದಳು: ಪುಸ್ತಕ ಬಿಚ್ಚಿದ ಕೂಡಲೆ ಮೆಣಸಿನಕಾಯಿ ಘಾಟು ಬಂತು, ತವರಿನ ಒಳಕೋಣೆಯಲ್ಲಿ ಕೂತ ಹಾಗಾಯಿತು, ಪುಸ್ತಕವನ್ನು ಬಿಸಿಲಿಗೆ ಹಾಕದೆ ಹಾಗೇ ಇಟ್ಟಿದ್ದೇನೆ ಎಂದು. 2004ರ ಯುಗಾದಿಯ ಹೊತ್ತಿಗೆ ಮಂಚದ ಕೆಳಗೆ ನೆಲ ಕಾಣಿಸಿತು.

ಎರಡನೆಯ ಪುಸ್ತಕಕ್ಕೆ ಧಾರವಾಡದ ಮನೋಹರ ಗ್ರಂಥಮಾಲೆಯ ದಾರಿ ನೆನಪಾಯಿತು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮಾಲೆ. ಓದುಗರೇ ಚಂದಾ ಕಟ್ಟಿ ಸದಸ್ಯರಾಗುವುದು, ಪುಸ್ತಕ ಅವರ ಮನೆಗೆ ಅಂಚೆಯಲ್ಲಿ ಹೋಗುವುದು. ಪುಸ್ತಕ ಹುಟ್ಟುವ ಮೊದಲೇ ಅದಕ್ಕೆ ಕಾಯುವ ಜನ ಇರುತ್ತಾರಲ್ಲ, ಅದು ನನಗೆ ಬಹಳ ಹಿಡಿಸಿತು. ಮೊದಲ ಪುಸ್ತಕ ಕೊಂಡವರ ಹೆಸರು, ಊರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಮುನ್ನೂರು ಮಂದಿಗೆ ಕಾರ್ಡು ಹಾಕಿದೆ: ಎಂಬತ್ತು ರೂಪಾಯಿಯ ಪುಸ್ತಕ, ಮೊದಲೇ ಕಳಿಸಿದವರಿಗೆ ಅರವತ್ತು. 170 ಮನಿಯಾರ್ಡರ್ ಬಂದವು. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ ಕೊಟ್ಟು ಕಳಿಸಿದ ದುಡ್ಡು. ಮನಿಯಾರ್ಡರ್ ಫಾರಮ್ಮಿನ ತುದಿಯಲ್ಲಿ ಸಂದೇಶ ಬರೆಯಲು ಬೆರಳೆರಡಗಲ ಜಾಗ ಇರುತ್ತಿತ್ತು. ಅಂಚೆಯಣ್ಣ ಆ ತುಂಡನ್ನು ಹರಿದು ಹಣದ ಜೊತೆ ಕೈಗೆ ಕೊಡುತ್ತಿದ್ದ. ‘ಈ ಸಲ ಅಕ್ಷರ ದೊಡ್ಡವು ಹಾಕಿಸಿರಿ.’ ‘ಗಂಗವ್ವನ ಕೂಸು ಉಳಿಯಿತೇ ತಿಳಿಸಿ.’ ‘ಮುಖಪುಟದ ಚಿತ್ರ ತಿಳಿಯಲಿಲ್ಲ.’ ಆ ತುಂಡುಗಳು ಈಗಲೂ ಒಂದು ಬಿಸ್ಕೀಟು ಡಬ್ಬಿಯಲ್ಲಿವೆ. ಅವುಗಳಿಂದಾಗಿ ಎರಡನೆಯ ಪುಸ್ತಕ ಹದಿಮೂರು ಪಾಯಿಂಟ್ ಅಕ್ಷರದಲ್ಲಿ, ಮುನ್ನುಡಿ ಇಲ್ಲದೆ, ಮುಖಪುಟದ ಮೇಲೆ ಒಂದು ಬಿಡಿಸಿದ ಹತ್ತಿಮೊಗ್ಗಿನೊಂದಿಗೆ ಬಂತು. ಅಚ್ಚಿಗೆ ಹೋಗುವ ಮೊದಲು ಎಲ್ಲ ಕತೆಗಳನ್ನೂ ಯಾರ ಕಸುಬಿನ ಕತೆಯೊ ಅವರ ಮುಂದೆಯೇ ಕೂತು ಓದಿದ್ದೆ.

ಮೂರನೆಯ ಪುಸ್ತಕದಲ್ಲಿ ಎಡವಿದೆ. ಗಂಗವ್ವನ ಕೂಸು ಉಳಿಯಿತೇ ಎಂದು ಎಷ್ಟೊಂದು ಜನ ಕೇಳಿದ್ದರಲ್ಲ, ಅವರಿಗಾಗಿ ಆ ಕತೆಯನ್ನು ಕಾದಂಬರಿಯಾಗಿ ಬೆಳೆಸಿದೆ. ಕೂಸು ಬೆಳೆಯಿತು, ಓದಿತು, ತಾಯಿಗೆ ಮನೆ ಕಟ್ಟಿಸಿಕೊಟ್ಟಿತು. ಚೆನ್ನಾಗಿ ಮಾರಾಟವೂ ಆಯಿತು. ಆದರೆ ನಲವತ್ಮೂರನೆಯ ಪುಟ ತಿದ್ದಿಸಿದ ಆ ತಾಯಿ ಅದನ್ನು ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದು, “ಇದು ನಮಗ ಛಲೋ ಅನ್ನಿಸ್ಲಿ ಅಂತ ಬರದೀರಿ, ಅಕ್ಕೋರ” ಎಂದಳು. ಬೈದ ಹಾಗಿರಲಿಲ್ಲ, ನನ್ನ ಬಗ್ಗೆ ಮರುಕ ಇತ್ತು. ಆ ಪುಸ್ತಕವನ್ನು ನಾನು ಮರುಮುದ್ರಣ ಮಾಡಲಿಲ್ಲ. ಮೊಗ್ಗು ಬಿಡಿಸುವ ಹೊತ್ತು ತಿದ್ದಿದಾಗ ಅವಳು ನನಗೆ ಕೊಟ್ಟದ್ದು ಸತ್ಯ. ನಾನು ಅವಳಿಗೆ ಮರಳಿ ಕೊಟ್ಟದ್ದು ಸಮಾಧಾನ. ಎರಡೂ ಒಂದೇ ಎಂದು ಆಗ ತಿಳಿದಿದ್ದೆ.

ಈಗ ಎಲ್ಲ ಬೇರೆ. ಇನ್ನೂರು ಪ್ರತಿ ಸಾಕೆಂದರೆ ಇನ್ನೂರೇ ಅಚ್ಚು ಹಾಕಿಸಬಹುದು, ಮುಗಿದರೆ ಮತ್ತೆ ಐವತ್ತು. ಮಂಚದ ಕೆಳಗೆ ಕಟ್ಟುಗಳು ಬೀಳಬೇಕಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಕತೆಯ ಅರ್ಧ ಪುಟ ಓದಿ ರೀಲ್ ಮಾಡಿ ಹಾಕಿದ, ಎರಡೇ ದಿನದಲ್ಲಿ ಅರವತ್ತು ಆರ್ಡರ್ ಬಂದವು, ಒಂದು ಅಮೆರಿಕದ ಕನ್ನಡಿಗರ ಮನೆಯಿಂದ. ನನಗೆ ನಿಜವಾಗಿ ಸಂತೋಷವಾಯಿತು. ಹೊಸ ಹುಡುಗರು ತಮ್ಮ ಪುಸ್ತಕದ ಬಗ್ಗೆ ತಾವೇ ಮಾತಾಡುವುದನ್ನು ಕೆಲವು ಹಿರಿಯರು ಹಳಿಯುತ್ತಾರೆ. ಗಂಟು ಹೊತ್ತು ತಿರುಗಿದವರ ನಾಡಿನಲ್ಲಿ ಇದರಲ್ಲಿ ಹಳಿಯುವಂಥದ್ದೇನೂ ನನಗೆ ಕಾಣಿಸುವುದಿಲ್ಲ. ನನಗೆ ಕಾಣದಾಗಿರುವುದು ಕೊಂಡವರ ಮುಖ. ಫೋನಿಗೆ ಹಣ ಬರುತ್ತದೆ, ಜೊತೆಗೆ ಬೆರಳೆರಡಗಲದ ಆ ಚೀಟಿ ಬರುವುದಿಲ್ಲ. ಅದಕ್ಕೆ ಪ್ರತಿಯೊಂದು ಪುಸ್ತಕದೊಳಗೆ ನನ್ನ ವಿಳಾಸ ಬರೆದ ಒಂದು ಕಾರ್ಡು ಇಟ್ಟು ಕಳಿಸುತ್ತೇನೆ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತ ಮೇಲೆ ಕಳಿಸುವ ಖರ್ಚು ಏರಿತು, ಕಾರ್ಡು ಇಡುವುದನ್ನು ಬಿಟ್ಟಿಲ್ಲ. ಹತ್ತಕ್ಕೆ ಎರಡು ಮರಳಿ ಬರುತ್ತವೆ.

ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದದ್ದು 2023ರ ಜನವರಿ 6ರಿಂದ 8. ನಮ್ಮ ಜಿಲ್ಲೆಯಲ್ಲೇ ಎಂದು ಗೆಳತಿಯ ಪುಸ್ತಕ ಮಳಿಗೆಯ ಅರ್ಧ ಮೇಜು ಕೇಳಿ ಪಡೆದು ಮೂರೂ ದಿನ ಕೂತೆ. ನಿವೃತ್ತಳಾಗಿ ಆರು ವರ್ಷ ಆಗಿತ್ತು, ಕಾಲು ಊದುತ್ತಿದ್ದವು. ಜನವೋ ಜನ. ಕೆಂಪು ಧೂಳು ಮುಖಪುಟದ ಮೇಲೆ ಕೂರುತ್ತಿತ್ತು, ಒರೆಸುತ್ತ ಇರಬೇಕು. ಕ್ಯೂಆರ್ ಚೀಟಿ ಅಂಟಿಸಿದ ಪೆಟ್ಟಿಗೆ ಪ್ರತಿ ಸಲ ಮೊತ್ತವನ್ನು ಕೂಗಿ ಹೇಳುತ್ತಿತ್ತು. ಕೊನೆಯ ದಿನ ಸಂಜೆ ಉಳಿದವನ್ನು ಪೆಟ್ಟಿಗೆಗೆ ತುಂಬುವಾಗ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಬಂದು ಬ್ಯಾಗಿನಿಂದ ನನ್ನ ಮೊದಲ ಪುಸ್ತಕ ತೆಗೆದ. ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಕ್ಕಿತಂತೆ. ಬೆನ್ನಿನ ಅಂಟು ಬಿಟ್ಟಿತ್ತು. ಅವನು ನಲವತ್ಮೂರನೆಯ ಪುಟ ಬಿಚ್ಚಿ ನನ್ನ ಮುಂದೆ ಹಿಡಿದ. ನೀಲಿ ಶಾಯಿ ಕಂದಾಗಿತ್ತು, ತಲೆಕಟ್ಟುಗಳು ಹಾಗೇ ಅಗಲವಾಗಿದ್ದವು.

“ಮೇಡಂ, ಈ ಅಕ್ಷರ ನಿಮ್ಮದೇನ್ರಿ?”

“ಅಲ್ಲಪ” ಎಂದೆ. ಪಕ್ಕದ ಖಾಲಿ ಕುರ್ಚಿ ಎಳೆದು ಕೊಟ್ಟೆ. “ಕೂಡು. ಯಾರದಂತ ಹೇಳತೀನಿ.”